2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಅಷ್ಟೊಂದು ಸೆಕೆ ಯಾಕಿತ್ತು?

ಅಲ್ಲಿನ ಹವಾಮಾನದವರ ಲೆಕ್ಕದಲ್ಲಿ ಸೆಪ್ಟೆಂಬರ್ 1ಕ್ಕೇ ಶರತ್ಕಾಲ ಶುರು. ಆದರೆ ಆ ವರ್ಷ 4ರಿಂದ 10ರವರೆಗೆ, ಸತತ ಏಳು ದಿನ, ಎಲ್ಲಾದರೂ ಒಂದು ಕಡೆ 30 ಡಿಗ್ರಿ ದಾಟುತ್ತಲೇ ಇತ್ತು. ಸೆಪ್ಟೆಂಬರ್‌ನಲ್ಲಿ ಹಾಗಾಗಿದ್ದು ಅದೇ ಮೊದಲು. 10ರಂದು ಕೆಂಟ್‌ನ ಫ್ಯಾವರ್‌ಶಮ್‌ನಲ್ಲಿ 33.5 ಡಿಗ್ರಿ. ಜುಲೈ, ಆಗಸ್ಟ್‌ನಲ್ಲೂ ಅಷ್ಟು ಏರಿರಲಿಲ್ಲ!

ಮುಖ್ಯ ಕಾರಣ, ಜಾಗ ಬಿಟ್ಟು ಕದಲದೆ ಕೂತ ಗಾಳಿಯ ಅಧಿಕ ಒತ್ತಡ. ಅಟ್ಲಾಂಟಿಕ್ ಕಡೆಯ ಚಂಡಮಾರುತಗಳು ಜೆಟ್ ಸ್ಟ್ರೀಮನ್ನು (ಬಹಳ ಎತ್ತರದಲ್ಲಿ ರಭಸವಾಗಿ ಬೀಸುವ ಗಾಳಿಯ ಹೊಳೆ) ಉತ್ತರಕ್ಕೆ ಬಾಗಿಸಿ ಆ ಒತ್ತಡಕ್ಕೆ ಇನ್ನಷ್ಟು ಬಲ ಕೊಟ್ಟವು. ಅಧಿಕ ಒತ್ತಡ ಇದ್ದಲ್ಲಿ ಗಾಳಿ ಮೇಲಿಂದ ಕೆಳಗಿಳಿಯುತ್ತದೆ. ಇಳಿಯುತ್ತಾ ಅದುಮಿಕೊಂಡು ಬಿಸಿಯಾಗುತ್ತದೆ. ಸೈಕಲ್‌ಗೆ ಗಾಳಿ ಹೊಡೆದಾಗ ಪಂಪು ಬಿಸಿಯಾಗುತ್ತಲ್ವಾ, ಹಾಗೆ. ಮೋಡ ಕಟ್ಟುವುದಿಲ್ಲ, ಬಿಸಿಲು ನೇರ ನೆಲಕ್ಕೆ. ಜೊತೆಗೆ ದಕ್ಷಿಣದಿಂದ ಬಿಸಿಗಾಳಿ. ಭೂಮಿಯೇ ಕಾದಿರುವುದರಿಂದ ಇದೆಲ್ಲ ಮೊದಲಿಗಿಂತ ಒಂದು ಮೆಟ್ಟಿಲು ಮೇಲಿಂದಲೇ ಶುರುವಾಗುತ್ತದೆ.

'33 ಏನು ಮಹಾ, ನಮ್ಮ ರಾಯಚೂರಿಗೆ ಬನ್ನಿ' ಅನ್ನಬಹುದು. ಆದರೆ ಅಲ್ಲಿನ ಮನೆಗಳನ್ನು ಕಟ್ಟಿರುವುದೇ ಬಿಸಿ ಒಳಗೆ ಉಳಿಯಲಿ ಅಂತ. ಎಷ್ಟೋ ಮನೆಗಳ ಸೂರಿನಲ್ಲಿ ಫ್ಯಾನೂ ಇರುವುದಿಲ್ಲ.

ಅಂದ ಹಾಗೆ, ಸೆಪ್ಟೆಂಬರ್‌ನ ಒಂದು ದಿನದ ದಾಖಲೆ 2023ರದ್ದಲ್ಲ. ಅದು 1906ರದ್ದು: 35.6.