ಕಡತ ಬರೆದವರು ಯಾರು?

ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: “ಪೂರ್ವ ಜರ್ಮನಿಯ ಗುಪ್ತ ಪೊಲೀಸರ ಕಡತಗಳನ್ನು ಸಾಲಾಗಿ ಇಟ್ಟರೆ 111 ಕಿಲೋಮೀಟರ್ ಆಗುತ್ತವಂತೆ. ಅಷ್ಟೆಲ್ಲ ಉಳಿದಿರುವಾಗ, ಸರ್ಕಾರವನ್ನು ವಿರೋಧಿಸಿದವರ ಮನೆಯ ಚೀಟಿ, ಕರಪತ್ರಗಳನ್ನು ಬೇರೆಯಾಗಿ ಕೂಡಿಡುವುದು ಯಾಕೆ?”

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಸಣ್ಣ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ.

ಮೊದಲು ಒಂದು ಮಾತು. ಆ ಕಡತಗಳೂ ತಾವಾಗಿ ಉಳಿದದ್ದಲ್ಲ. 1989ರ ಕೊನೆಗೆ, ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಕುಸಿಯುತ್ತಿದ್ದಂತೆ, ಸ್ಟಾಸಿ, ಅಂದರೆ ಅದರ ಗುಪ್ತ ಪೊಲೀಸ್ ಇಲಾಖೆ, ಕಾಗದಗಳನ್ನು ನಾಶ ಮಾಡತೊಡಗಿತ್ತು. ಡಿಸೆಂಬರ್ 4ರಂದು ಎರ್ಫುರ್ಟ್ ಊರಿನ ಹೆಂಗಸರು ಮುಂದೆ ನಿಂತು, ಜನರನ್ನು ಕರೆದುಕೊಂಡು ಕಚೇರಿಗೆ ನುಗ್ಗಿದರು. 1990ರ ಜನವರಿ 15ರಂದು ಬರ್ಲಿನ್ನಿನ ಕೇಂದ್ರ ಕಚೇರಿಯ ಸರದಿ. ಕೈಯಲ್ಲಿ ಹರಿದು ತುಂಬಿಸಿದ್ದ ಚೂರುಗಳೇ ಸುಮಾರು 16,000 ಚೀಲ ಸಿಕ್ಕವು. ಅವನ್ನು ಒಂದೊಂದಾಗಿ ಜೋಡಿಸುವ ಕೆಲಸ 1995ರಲ್ಲಿ ಶುರುವಾಯಿತು.

ಇನ್ನು ಆ ಕಡತಗಳಲ್ಲಿ ಏನಿದೆ ನೋಡಿ. ಯಾರು ಎಷ್ಟು ಗಂಟೆಗೆ ಮನೆಗೆ ಬಂದರು, ಕೈಯಲ್ಲಿ ಯಾವ ಚೀಲ ಇತ್ತು, ಯಾವಾಗ ದೀಪ ಆರಿತು. ಮನುಷ್ಯರ ಹೆಸರಿನ ಪಕ್ಕದಲ್ಲಿ ‘ಹಗೆಯ ಶಕ್ತಿ’ ಎಂಬ ಮುದ್ರೆ. 1976ರಲ್ಲಿ ಸ್ಟಾಸಿ ಒಂದು ಆದೇಶವನ್ನೇ ಹೊರಡಿಸಿತ್ತು: ವಿರೋಧಿಗಳ ಹೆಸರು ಕೆಡಿಸಬೇಕು, ಗೆಳೆಯರ ನಡುವೆ ಅನುಮಾನ ಬಿತ್ತಬೇಕು, ಗುಂಪನ್ನು ಒಳಗಿಂದಲೇ ಒಡೆಯಬೇಕು. ಇಂಥ ಕೆಲಸಕ್ಕೆಂದು ಬರೆದ ಕಾಗದವನ್ನು ಮಾತ್ರ ಓದಿ ಆ ಜನ ಎಂಥವರು ಅಂತ ಹೇಳಲಾದೀತೇ? ಅವರು ಯಾಕೆ ಹೆದರಲಿಲ್ಲ, ಹೆದರಿದ್ದರೂ ಯಾಕೆ ಬಿಡಲಿಲ್ಲ ಅನ್ನೋದು ಅದರಲ್ಲಿ ಸಿಗುವುದಿಲ್ಲ.

ಅದು ಸಿಗಬೇಕಾದರೆ ಬರ್ಲಿನ್ನಿನ ಸಿಯೋನ್ ಚರ್ಚಿನವರ ನೆಲಮಾಳಿಗೆಗೆ ಹೋಗಬೇಕು. 1986ರಲ್ಲಿ ಕೆಲವು ಯುವಕರು ಅಲ್ಲಿ ‘ಪರಿಸರ ಗ್ರಂಥಾಲಯ’ ಶುರು ಮಾಡಿದರು. ನದಿ, ಗಾಳಿ ಹಾಳಾಗುತ್ತಿರುವುದನ್ನು ಸರ್ಕಾರ ಗುಟ್ಟಾಗಿಡುತ್ತಿತ್ತು, ಇವರು ಬರೆದು ಹಂಚುತ್ತಿದ್ದರು. ನಮ್ಮಲ್ಲೂ ಹಳಬರಿಗೆ ಗೊತ್ತಿರುವ ಸೈಕ್ಲೋಸ್ಟೈಲ್ ಕೆಲಸವೇ ಅದು. ಮೇಣದ ಹಾಳೆಯ ಮೇಲೆ ಟೈಪ್ ಮಾಡಿ ಸ್ಟೆನ್ಸಿಲ್ ತೆಗೆಯುವುದು, ಆಮೇಲೆ ಯಂತ್ರ ತಿರುಗಿಸುವುದು. ನಾನೂ ಕಾಲೇಜಿನಲ್ಲಿ ಅದನ್ನು ತಿರುಗಿಸಿದ್ದೇನೆ, ಬೆರಳಿಗೆ ಹತ್ತಿದ ಶಾಯಿ ಸೋಪಿಗೆ ಬಗ್ಗುತ್ತಿರಲಿಲ್ಲ. ಅವರ ಹಾಳೆಗಳ ಮೇಲೆ ‘ಚರ್ಚಿನ ಒಳಬಳಕೆಗೆ ಮಾತ್ರ’ ಅಂತ ಇರುತ್ತಿತ್ತು. ಚರ್ಚಿನ ಒಳಗಿನ ಕೆಲಸಕ್ಕೆ ಸರ್ಕಾರ ಅಷ್ಟಾಗಿ ಕೈಹಾಕುತ್ತಿರಲಿಲ್ಲ, ಹಾಗಾಗಿ ಆ ಒಂದು ಸಾಲೇ ಅವರಿಗಿದ್ದ ರಕ್ಷಣೆ.

1987ರ ನವೆಂಬರ್ 24ರ ನಡುರಾತ್ರಿ ಸ್ಟಾಸಿಯವರು ಅಲ್ಲಿಗೆ ನುಗ್ಗಿದರು. ಚರ್ಚಿನ ಆಸರೆ ಇಲ್ಲದ ‘ಗ್ರೆನ್ಸ್‌ಫಾಲ್’ ಎಂಬ ಪತ್ರಿಕೆ ಅಚ್ಚಾಗುವಾಗಲೇ ಹಿಡಿಯಬೇಕೆಂದು ಬಂದಿದ್ದರು. ಯಂತ್ರದಲ್ಲಿ ಇದ್ದದ್ದು ಗ್ರಂಥಾಲಯದ ಸ್ವಂತ ಪತ್ರಿಕೆ! ಆದರೂ ಯಂತ್ರಗಳನ್ನು ಹೊತ್ತೊಯ್ದರು, ಜನರನ್ನು ಬಂಧಿಸಿದರು. ಮರುದಿನದಿಂದ ಚರ್ಚಿನ ಮುಂದೆ ಮೇಣದಬತ್ತಿ ಹಿಡಿದು ಜನ ನಿಂತರು. ಕೆಲವೇ ದಿನಗಳಲ್ಲಿ ಬಂಧಿತರನ್ನು ಬಿಡಬೇಕಾಯಿತು.

ಚೀಟಿ ಅಂದಿರಲ್ಲ, ಅದನ್ನೂ ಹೇಳುತ್ತೇನೆ. 1989ರ ಮೇ 7ರ ಸ್ಥಳೀಯ ಚುನಾವಣೆಯಲ್ಲಿ 98.85% ಮತ ಸರ್ಕಾರದ ಪಟ್ಟಿಗೇ ಬಿತ್ತು ಅಂತ ಘೋಷಣೆಯಾಯಿತು. ಆದರೆ ಬರ್ಲಿನ್ನಿನ ವೈಸೆನ್ಸೇ ಭಾಗದಲ್ಲಿ ಸಾಮಾನ್ಯ ಜನ ಎಣಿಕೆಯ ಕೋಣೆಗಳಲ್ಲಿ ನಿಂತು, ‘ಬೇಡ’ ಅಂದ ಮತಗಳನ್ನು ಬರೆದುಕೊಂಡಿದ್ದರು. ಕೂಡಿಸಿ ನೋಡಿದರೆ ಸರ್ಕಾರ ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ. ಮೋಸ ಬಯಲಾದದ್ದು ಅಂಥ ಚೀಟಿಗಳಿಂದಲೇ ಅಲ್ವಾ?

ಇವನ್ನೆಲ್ಲ ಕೂಡಿಡಲು 1990ರಲ್ಲಿ ರಾಬರ್ಟ್ ಹಾವೆಮಾನ್ ಸೊಸೈಟಿ ಹುಟ್ಟಿತು. ಹಾವೆಮಾನ್ ರಸಾಯನ ವಿಜ್ಞಾನಿ, ಕಮ್ಯುನಿಸ್ಟ್. 1943ರಲ್ಲಿ ನಾಜಿಗಳು ಅವರಿಗೆ ಮರಣದಂಡನೆ ವಿಧಿಸಿದ್ದರು, ಹೇಗೋ ಬದುಕಿದರು. ತಾವು ನಂಬಿದ ಪಕ್ಷದ ಸರ್ಕಾರವನ್ನೇ ಪ್ರಶ್ನಿಸಿದ್ದಕ್ಕೆ 1976ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಗೃಹಬಂಧನದಲ್ಲಿದ್ದರು. ಅವರ ಹೆಸರಿನ ಆ ಸಂಗ್ರಹ ಈಗ ಇರುವುದು ಬರ್ಲಿನ್ನಿನ ಲಿಖ್ಟೆನ್‌ಬರ್ಗಿನಲ್ಲಿ, ಸ್ಟಾಸಿಯ ಹಳೇ ಕೇಂದ್ರ ಕಚೇರಿಯ ಆವರಣದಲ್ಲೇ. ಪೊಲೀಸರು ಬರೆದ ಕಡತಗಳೂ ಅದೇ ಆವರಣದಲ್ಲಿವೆ. ಓದಲು ಬಂದವರು ಎರಡನ್ನೂ ನೋಡಬಹುದು.

— ಸಂಪಾದಕ