ಉ: 'ವರ್ಟಿಗೊ'ದ ಹೋಟೆಲ್ಲಿನಿಂದ ಅವಳು ಮಾಯವಾದದ್ದು ಹೇಗೆ?

ಹಿಚ್‌ಕಾಕ್ ನಿರ್ದೇಶನದ ಈ ಸಿನಿಮಾದಲ್ಲಿ ಎಲ್ಸ್ಟರ್ ತನ್ನ ಹೆಂಡತಿ ಮ್ಯಾಡೆಲಿನ್‌ಗೆ ದೆವ್ವ ಹಿಡಿದಿದೆ ಅಂತ ಹೇಳಿ, ಎತ್ತರ ಕಂಡರೆ ತಲೆಸುತ್ತುವ ಮಾಜಿ ಪತ್ತೇದಾರ ಸ್ಕಾಟಿಯನ್ನು ಅವಳ ಹಿಂದೆ ಬಿಡ್ತಾನೆ. ಸ್ಕಾಟಿ ಹಿಂಬಾಲಿಸಿದ್ದು ಹೆಂಡತಿಯ ವೇಷ ಹಾಕಿದ್ದ ಜೂಡಿಯನ್ನು; ನಿಜವಾದ ಹೆಂಡತಿಯನ್ನು ಎಲ್ಸ್ಟರ್ ಗೋಪುರದಿಂದ ಬೀಳಿಸ್ತಾನೆ. ದೆವ್ವವೇ ಇಲ್ಲ, ಎಲ್ಲಾ ನಾಟಕ ಅಂದಮೇಲೆ ಈ 'ಮ್ಯಾಡೆಲಿನ್' ಆ ಮೆಕಿಟ್ರಿಕ್ ಹೋಟೆಲ್ಲಿನಿಂದ ಹೊರಗೆ ಹೋದದ್ದು ಹೇಗೆ ಅಂತ ಕೇಳಿದ್ದೀರಿ. ನೇರವಾಗಿ ಹೇಳಿಬಿಡ್ತೀನಿ: ಸಿನಿಮಾದಲ್ಲಿ ಇದಕ್ಕೆ ಉತ್ತರ ಇಲ್ಲ.

ಆದರೆ ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಸ್ಕಾಟಿ ಅವಳನ್ನು ಮಹಡಿಯ ಕಿಟಕಿಯಲ್ಲಿ ಕಣ್ಣಾರೆ ಕಂಡೇ ಒಳಗೆ ಹೋಗ್ತಾನೆ. ಕೆಳಗೆ ಹೋಟೆಲ್ಲಿನಾಕೆ ರಬ್ಬರ್ ಗಿಡದ ಎಲೆಗಳಿಗೆ ಆಲಿವ್ ಎಣ್ಣೆ ಸವರುತ್ತಾ ಕೂತಿದ್ದಾಳೆ. ಆ ಹೆಂಗಸು ಇವತ್ತು ಬಂದೇ ಇಲ್ಲ, ಕೀಲಿ ಇಲ್ಲೇ ನೇತಾಡ್ತಿದೆಯಲ್ಲ ಅಂತಾಳೆ. ಮೇಲೆ ಹೋದರೆ ಕೋಣೆ ಖಾಲಿ, ಕೆಳಗೆ ರಸ್ತೆಯಲ್ಲಿದ್ದ ಕಾರೂ ಇಲ್ಲ. ಎಲ್ಸ್ಟರ್ ಹೋಟೆಲ್ಲಿನಾಕೆಯ ಕೈ ಬೆಚ್ಚಗೆ ಮಾಡಿದ್ದ, ಹಿತ್ತಲ ಬಾಗಿಲಿಂದ ಜೂಡಿ ಜಾರಿಕೊಂಡಳು ಅಂತ ನಾನು ಅಂದುಕೊಂಡಿದ್ದೇನೆ. ಕೊಲೆಗೆ ಅಷ್ಟೆಲ್ಲ ತಯಾರಿ ಮಾಡಿದವನಿಗೆ ಇದೇನು ಮಹಾ! ಆದರೆ ಇದು ನನ್ನ ಊಹೆ ಅಷ್ಟೇ, ಚಿತ್ರದಲ್ಲಿ ಒಂದು ಸುಳಿವೂ ಸಿಗೋದಿಲ್ಲ. ಹಿಚ್‌ಕಾಕ್‌ಗೆ ಅಲ್ಲಿ ಬೇಕಾಗಿದ್ದದ್ದು ಒಂದೇ, ಸ್ಕಾಟಿಯ ಜೊತೆ ನಾವೂ ದೆವ್ವವನ್ನು ಅರ್ಧ ನಂಬಬೇಕು.

ನನ್ನ ಕೇಳಿದರೆ ದೊಡ್ಡ ತೂತು ಬೇರೆ ಕಡೆ ಇದೆ. ತಲೆಸುತ್ತು ಬಂದು ಸ್ಕಾಟಿ ಗೋಪುರದ ಮೆಟ್ಟಿಲು ಪೂರ್ತಿ ಹತ್ತಲಾರ ಅಂತ ಎಲ್ಸ್ಟರ್‌ಗೆ ಅಷ್ಟು ಖಾತ್ರಿ ಹೇಗೆ? ಇದು ತನ್ನನ್ನೂ ಕಾಡುತ್ತೆ ಅಂತ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆಗಿನ ಮಾತುಕತೆಯಲ್ಲಿ ಒಪ್ಪಿಕೊಂಡಿದ್ದಾರೆ. ಇನ್ನು ಮೊದಲ ದೃಶ್ಯದಲ್ಲಿ ಚಾವಣಿಯ ಅಂಚಿಗೆ ನೇತಾಡ್ತಿದ್ದ ಸ್ಕಾಟಿಯನ್ನು ಕೆಳಗಿಳಿಸಿದ್ದು ಯಾರು ಅಂತ ಮಾತ್ರ ದಯವಿಟ್ಟು ಕೇಳಬೇಡಿ!