ತಳದ ಮೀನಿಗೆ ಯಾವ ಪೆಲೆಟ್ ತರಲಿ?

ಪ್ರಶ್ನೆ: ನಮ್ಮ ಎರಡಡಿ ಅಕ್ವೇರಿಯಂನಲ್ಲಿ ಹತ್ತು ಟೆಟ್ರಾ, ತಳದಲ್ಲೇ ಓಡಾಡುವ ಆರು ಕೋರಿಡೋರಸ್ (ಕೋರಿ), ಒಂದು ಸಣ್ಣ ಸಕ್ಕರ್ ಮೀನು ಇವೆ. ಫ್ಲೇಕ್ಸ್ ಹಾಕಿದರೆ ಟೆಟ್ರಾಗಳೇ ಖಾಲಿ ಮಾಡುತ್ತವೆ. ಕೋರಿಗಳ ಹೊಟ್ಟೆ ಒಳಗೆ ಹೋಗಿದೆ. ಅಂಗಡಿಯವರು "ಅವು ಗಲೀಜು ತಿಂದ್ಕೊಂಡು ಇರ್ತವೆ" ಅಂದರು. ಮುಳುಗುವ, ಕಾಳಿನಂಥ ಆಹಾರವಾದ ಪೆಲೆಟ್‌ನಲ್ಲಿ ನಾಲ್ಕೈದು ಬಗೆ ಕಂಡೆ. ಯಾವುದು ತರಲಿ?
– ಓದುಗರು, ಮಡಿಕೇರಿ

ಉತ್ತರ: ಆ ಮಾತು ನಂಬಬೇಡಿ. ಟ್ಯಾಂಕಿನ ಗಲೀಜು ಕೋರಿಗೆ ಊಟವಲ್ಲ. ಕೋರಿ ಮೀಸೆಯಿಂದ ಮರಳು ತಡಕಿ ಹುಳ, ಸಣ್ಣ ಕೀಟ ಹುಡುಕಿ ತಿನ್ನುವ ಮೀನು, ನಿಮ್ಮವು ಹೆಚ್ಚಾಗಿ ಹಸಿದೇ ಇವೆ. ಎರಡು ಮೂರು ವಾರ ಚೆನ್ನಾಗಿ ತಿಂದರೂ ಹೊಟ್ಟೆ ತುಂಬದಿದ್ದರೆ ಆಗ ಹೊಟ್ಟೆಹುಳದ ಬಗ್ಗೆ ಯೋಚಿಸಿ.

ಪ್ಯಾಕೆಟ್ ತಿರುಗಿಸಿ ಓದಿ. ಪಟ್ಟಿಯಲ್ಲಿ ಮೊದಲು ಮೀನು, ಸೀಗಡಿ ಅಥವಾ ಕೀಟದ ಪುಡಿ ಇರಬೇಕು, ಗೋಧಿಯೇ ಮೊದಲಿದ್ದರೆ ಬಿಡಿ. ಕೋರಿಯ ಬಾಯಿ ಚಿಕ್ಕದು ಅಲ್ವಾ, ಹಾಗಾಗಿ ಒಂದೆರಡು ಮಿಲಿಮೀಟರ್ ಕಾಳು ಸಾಕು. ಮನೆಗೆ ತಂದ ಮೇಲೆ ನಾಲ್ಕು ಕಾಳು ಲೋಟದ ನೀರಿಗೆ ಹಾಕಿ ನೋಡಿ: ತಕ್ಷಣ ಮುಳುಗಬೇಕು, ಮೆತ್ತಗಾಗಬೇಕು, ಆದರೆ ಐದೇ ನಿಮಿಷಕ್ಕೆ ಪುಡಿಪುಡಿಯಾಗಿ ನೀರು ಕಲಕಬಾರದು.

ಸಕ್ಕರ್‌ಗೆ ಇದೊಂದೇ ಸಾಲದು. ಅದಕ್ಕೆ ಸ್ಪಿರುಲಿನಾ ಎಂಬ ಪಾಚಿ ಇರುವ ವೇಫರ್ (ಬಿಲ್ಲೆಯಂಥ ಆಹಾರ) ಕೊಡಿ, ವಾರಕ್ಕೆರಡು ಸಲ ಸೌತೆಕಾಯಿ ಬಿಲ್ಲೆಯನ್ನು ಸ್ಟೀಲ್ ಚಮಚಕ್ಕೆ ಸಿಕ್ಕಿಸಿ ಇಳಿಬಿಡಿ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಸಕ್ಕರ್ ಒಂದಡಿಗಿಂತ ಉದ್ದ ಬೆಳೆಯುತ್ತದೆ, ನಿಮ್ಮ ಟ್ಯಾಂಕ್ ಅದಕ್ಕೆ ಚಿಕ್ಕದು. ದೊಡ್ಡದಾದಾಗ ಅಂಗಡಿಗೇ ವಾಪಸ್ ಕೊಡಿ. ದಯವಿಟ್ಟು ತೋಟದ ಕೆರೆಗೋ ಕಾವೇರಿಗೋ ಬಿಡಬೇಡಿ, ಹೊರಗಿನ ಮೀನು ಅಲ್ಲಿ ನೆಲೆಯೂರಿದರೆ ನಮ್ಮ ಹೊಳೆಯ ಮೀನುಗಳಿಗೆ ಕಷ್ಟ.

ರಾತ್ರಿ ಮೊದಲು ಟೆಟ್ರಾಗಳಿಗೆ ಫ್ಲೇಕ್ಸ್ ಹಾಕಿ, ಲೈಟ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬದಿಯಲ್ಲಿ ಪೆಲೆಟ್ ಹಾಕಿ. ಬೆಳಿಗ್ಗೆ ತಳದಲ್ಲಿ ಉಳಿದಿದ್ದರೆ ಪೈಪಿನಿಂದ ಎಳೆದು ತೆಗೆಯಿರಿ, ಕೊಳೆತರೆ ಅಮೋನಿಯಾ ಏರುತ್ತದೆ. ಮರುದಿನ ಕಡಿಮೆ ಹಾಕಿ.

ನಮ್ಮ ಕೊಡಗಿನ ಮಳೆ ಗೊತ್ತಲ್ಲ, ತೆರೆದಿಟ್ಟ ಪ್ಯಾಕೆಟ್ ಬೇಗ ಬೂಸ್ಟು ಹಿಡಿಯುತ್ತದೆ. ಕಡಿಮೆ ಬೆಲೆ ಅಂತ ಸುಮ್ನೆ ಒಂದು ಕೆಜಿ ತರಬೇಡಿ. ಚಿಕ್ಕ ಪ್ಯಾಕೆಟ್ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ, ವಾಸನೆ ಬದಲಾದರೆ ಎಸೆಯಿರಿ. ನೀರು ತಣ್ಣಗಾದಂತೆ ಮೀನು ತಿನ್ನುವುದೂ ಕಡಿಮೆ, ಹೀಟರ್ ಇಟ್ಟು 24 ಡಿಗ್ರಿ ಆಸುಪಾಸು ಇರುವಂತೆ ನೋಡಿಕೊಳ್ಳಿ. ಕರೆಂಟ್ ಹೋಗಿ ಫಿಲ್ಟರ್ ನಿಂತ ದಿನ ಏನೂ ಹಾಕಬೇಡಿ. ಒಂದು ದಿನದ ಉಪವಾಸವನ್ನು ಅವು ಆರಾಮಾಗಿ ತಡೆಯುತ್ತವೆ.